ಹುಣಸೆ ತಿರುವಿನ ಅಡ್ಡಮರ

ಜೂನ್ 3, ಮಂಗಳವಾರ

ಇವತ್ತು ಅತ್ತೆಯವರನ್ನು ಜೀಪಿನಲ್ಲಿ ಬೆಟ್ಟ ಇಳಿಸಿ, ಸಂಜೆ ಮತ್ತೆ ಹತ್ತಿಸಿಕೊಂಡು ಬಂದೆ. ಓಡಿಸಿದ್ದು ನಾನೇ. ಹೋಗುವಾಗ ಒಂದು ಸಲ ಸತ್ತೆ, ಬರುವಾಗ ಎರಡು ಸಲ. ಗಂಡ ಅಮರ್ ಫ್ಯಾಕ್ಟರಿಯಿಂದ ಬಂದು "ಹೆಂಗಾಯ್ತು ಕವಿ?" ಅಂದರೆ "ಆಯ್ತು" ಅಂದೆ. ಮಿಕ್ಕದ್ದನ್ನು ಇಲ್ಲಿ ಬರೆಯುತ್ತೇನೆ. ಇದು ಮಗಳು ಹರ್ಷಿತಳ ಹಳೆಯ ನೋಟ್‌ಬುಕ್. ಮೊದಲ ಎಂಟು ಹಾಳೆಯಲ್ಲಿ ಘರ್ಷಣೆಯ ಪಾಠ ಬರೆದು, ಮಿಕ್ಕದ್ದನ್ನು ಖಾಲಿ ಬಿಟ್ಟು ಹಾಸ್ಟೆಲಿಗೆ ಹೋಗಿದ್ದಾಳೆ.

ಅತ್ತೆ ಮುನಿಗಂಗಮ್ಮನವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ, ದೊಡ್ಡಬಳ್ಳಾಪುರದಲ್ಲಿ. ಇಲ್ಲಿಯ ತನಕ ಅಮರ್ ಬೈಕಿನಲ್ಲಿ ಕರೆದೊಯ್ಯುತ್ತಿದ್ದರು. ಹೋದ ತಿಂಗಳು ಬರುವಾಗ ಅತ್ತೆ ತಲೆಸುತ್ತಿ ಬೈಕಿನಿಂದ ಜಾರಿದರು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಅಮರ್‌ಗೆ ಇದ್ದ ರಜೆಯೂ ಮುಗಿಯಿತು. ನಮ್ಮ ಮನೆ ಇರುವುದು ಘಾಟಿಯ ಹಿಂದಿನ ಬೆಟ್ಟದ ಅರ್ಧದಲ್ಲಿ. ಕೆಳಗಿನ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರು ಕಲ್ಲುದಾರಿ. ಗೋವಿಂದರಾಜು ಆಟೋ ಕೆಳಗೆ ಮುತ್ತಮ್ಮನ ಅಂಗಡಿ ತನಕ ಬರುತ್ತದೆ, ಮೇಲಕ್ಕೆ ಬಾ ಅಂದರೆ ಕೈಮುಗಿಯುತ್ತಾನೆ. ಉಳಿದದ್ದು ಮಾವ ಬಿಟ್ಟುಹೋದ ಜೀಪು, ಮತ್ತು ನಾನು.

ದಾರಿಯಲ್ಲಿ ಮೂರು ತಿರುವು. ಎರಡು ಹೇಗೋ ಆಗುತ್ತವೆ. ನಡುವಿನ ಹುಣಸೆಮರದ ತಿರುವು ಮಾತ್ರ ಬಳೆಯ ಹಾಗೆ ಸುತ್ತುತ್ತದೆ. ಒಳಬದಿಗೆ ಆಳೆತ್ತರದ ಬಂಡೆ, ಬಂಡೆಯ ಬುಡದಲ್ಲಿ ಮಳೆನೀರು ಕೊರೆದ ಹಳ್ಳ. ಹೊರಬದಿಗೆ ಇಳಿಜಾರು, ಅದರ ಅಂಚಿಗೆ ಹುಣಸೆಮರ. ಒಂದೇ ಏಟಿಗೆ ಜೀಪು ತಿರುಗುವುದಿಲ್ಲ. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಬೇಕು. ಹ್ಯಾಂಡ್‌ಬ್ರೇಕ್ ಯಾವ ಕಾಲದಲ್ಲಿ ಹೋಯಿತೋ ಗೊತ್ತಿಲ್ಲ. ಅದಕ್ಕೇ ಪಕ್ಕದಲ್ಲಿ ಕೂತವರು ಇಳಿದು, ಹಿಂದೆ ನಡೆದುಬಂದು, ಜೀಪು ನಿಂತ ಕೂಡಲೇ ಹಿಂದಿನ ಚಕ್ರಕ್ಕೆ ಅಡ್ಡಮರ ಕೊಡಬೇಕು. ಮಾವ ಇದ್ದಾಗ ಮೂವತ್ತನಾಲ್ಕು ವರ್ಷ ಅತ್ತೆ ಕೊಟ್ಟಿದ್ದಾರೆ. ಹುಣಸೆ ಬೇರಿನ ಒಂದು ತುಂಡು ಅದು, ಒಂದು ಪಕ್ಕ ಸವೆದು ಓರೆಯಾಗಿದೆ.

ಇವತ್ತೂ ಇಳಿದರು. ಬೆಳಗ್ಗೆ ಬೇಡ ಅಂದೆ. "ನಿಲ್ಸಮ್ಮಿ" ಅಂದರು, ಅಷ್ಟೇ. ಸಂಜೆ ಬರುವಾಗ, ನಾಲ್ಕು ಗಂಟೆ ಮೆಷಿನ್ನಿಗೆ ಮೈ ಕೊಟ್ಟು ಬಂದಿದ್ದವರು, ಆಗಲೂ ಇಳಿದರು. ಅಡ್ಡ ಕೊಟ್ಟರು. ಆಮೇಲೆ ಬಂಡೆ ಹಿಡಿದುಕೊಂಡು ವಾಂತಿ ಮಾಡಿದರು.

ನಾನು ಒಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡಿದವಳು. ಬಟ್ಟೆಯಲ್ಲಿ ಎಲ್ಲಿ ತಪ್ಪಿದೆಯೋ ಅಲ್ಲಿ ಬಾಣದ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಹದಿನೆಂಟು ವರ್ಷದಲ್ಲಿ ಈ ಅತ್ತೆಗೆ ಅಂಟಿಸಿದ್ದರೆ ಸೀರೆಯೇ ಕಾಣುತ್ತಿರಲಿಲ್ಲ. ಆಷಾಢ ಕಳೆದ ಮೇಲೆ ಹೊಸಕೋಟೆಯಿಂದ ಅಮರ್ ಅಕ್ಕ ಪ್ರಮೋದಾ ಅತ್ತಿಗೆ ಬಂದು ತಾಯಿಯನ್ನು ಕರೆದುಕೊಂಡು ಹೋಗುತ್ತಾರೆ. ಅವರ ಮನೆಯಿಂದ ಆಸ್ಪತ್ರೆ ಹತ್ತು ನಿಮಿಷ. ಎಂಟು ವಾರ ಹಲ್ಲು ಕಚ್ಚಿಕೊಂಡಿದ್ದರೆ ಆಯಿತು.

ಜೂನ್ 6, ಶುಕ್ರವಾರ

ಹೋದೆವು, ಬಂದೆವು. ಇಳಿದರು, ಅಡ್ಡ ಕೊಟ್ಟರು. ದಾರಿಯುದ್ದಕ್ಕೂ ಮಾತಿಲ್ಲ.

ಜೂನ್ 13, ಶುಕ್ರವಾರ

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ, ಇವತ್ತು ನಮ್ಮ ಜೀಪು ಅದನ್ನೇ ಮಾಡಿತು. ಹತ್ತುವಾಗ ತಿರುವಿನ ನಡುವೆ ಒಳಬದಿಯ ಹಿಂದಿನ ಚಕ್ರ ಹಳ್ಳಕ್ಕೆ ಬಾಗಿತು. ಆದರೆ ಹಳ್ಳದ ತಳ ಮುಟ್ಟಲಿಲ್ಲ, ಗೇಣುದ್ದ ಮೇಲೆ ತೇಲಿ ನಿಂತು ಗಿರ್ರನೆ ಸುತ್ತತೊಡಗಿತು. ನಾನು ಆಕ್ಸಿಲೇಟರ್ ಒತ್ತಿದಷ್ಟೂ ಅದು ಸುತ್ತುತ್ತದೆ, ಜೀಪು ಮಾತ್ರ ಅಲ್ಲೇ. ಅತ್ತೆ ಹಿಂದೆ ಅಡ್ಡಮರ ಹಿಡಿದು ನಿಂತಿದ್ದವರು ಹೇಳಿದರು:

"ನಿಮ್ಮ ಮಾವ ಹಿಂಗೆ ಒಂದಿನಾನೂ ಮಾಡ್ಕೊಂಡವ್ರಲ್ಲ."

"ಮಾವ ಹಿಂದೆ ಎಂಟು ಕಲ್ಲುಕಂಬ ಹೇರ್ಕೊಂಡು ಬರ್ತಿದ್ರು. ನಾನು ನಿಮ್ಮೊಬ್ರನ್ನೇ ಹೇರ್ಕೊಂಡು ಬಂದಿರೋದು, ನೀವೂ ಇಳಿದುಬಿಟ್ಟಿದೀರಿ!"

"ಕುಣಿಲಾರ್ದೋಳು ನೆಲ ಡೊಂಕು ಅಂದ್ಳಂತೆ."

ಇಷ್ಟು ಡೊಂಕು ನೆಲವನ್ನು ಮುಂದಿಟ್ಟುಕೊಂಡು ಆ ಗಾದೆ ಹೇಳುವುದಕ್ಕೂ ಧೈರ್ಯ ಬೇಕು. ಕೊನೆಗೆ ನಾನೇ ಇಳಿದು ಹಳ್ಳಕ್ಕೆ ಕಲ್ಲು ತುಂಬಿಸಿದೆ. ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಅವರು ಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು.

ಜೂನ್ 15, ಭಾನುವಾರ

ಮೆಕ್ಯಾನಿಕ್ ಮುನೀಂದ್ರ ಮೇಲೆ ಬಂದಿದ್ದ. ಜೀಪಿನ ಕೆಳಗೆ ಮಲಗಿ ನೋಡಿ, ನಗುತ್ತಾ ಎದ್ದ.

"ಅಕ್ಕ, ಇದಕ್ಕೆ ಕಂಪನಿ ಕೊಟ್ಟಿರೋದಕ್ಕಿಂತ ಎರಡೆರಡು ಸ್ಪ್ರಿಂಗ್ ಪಟ್ಟಿ ಜಾಸ್ತಿ ಹಾಕವ್ರೆ. ಕಲ್ಲುಕಂಬದ ಭಾರಕ್ಕೆ. ಖಾಲಿ ಓಡ್ಸಿದ್ರೆ ಪಟ್ಟಿ ಬಗ್ಗೋದೇ ಇಲ್ಲ. ಬಗ್ದಿದ್ರೆ ಚಕ್ರ ಹಳ್ಳದೊಳಗೆ ಇಳಿಯೋದು, ನೆಲ ಹಿಡಿಯೋದು. ಈಗ ಚಕ್ರ ಗಾಳೀಲಿ. ಒಂದು ಚಕ್ರ ಗಾಳೀಲಿದ್ರೆ ಇಂಜಿನ್ ಬಲ ಎಲ್ಲಾ ಅದಕ್ಕೇ ಹೋಗುತ್ತೆ, ನೆಲದ ಮೇಲಿರೋ ಚಕ್ರ ಸುಮ್ನೆ ನೋಡ್ತಾ ನಿಂತಿರುತ್ತೆ."

ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಇರುವ ಜೀಪು ನಮ್ಮದು. ಎರಡರಲ್ಲಿ ಒಂದು ಗಾಳಿಗೆ ಹೋದರೆ ಇನ್ನೇನು ಉಳಿಯಿತು. ಬೆನ್ನುಮೂಳೆ ಕಳಚುವ ಹಾಗೆ ಎತ್ತಿಹಾಕುವುದೂ ಆ ಪಟ್ಟಿಗಳಿಂದಲೇ ಅಂತೆ. ತೆಗೆದುಬಿಡು ಅಂದೆ. ಮುನೀಂದ್ರ ಸ್ಪ್ಯಾನರ್ ತೆಗೆದುಕೊಳ್ಳುವಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ಅವ್ರ ಕೈಲಿ ಹಾಕಿದ ಪಟ್ಟಿ. ಮುಟ್ಬೇಡ್ರಿ."

ಅಮರ್ ಹೇಳಿ ನೋಡಿದರು. ಆಗಲಿಲ್ಲ. ಮುನೀಂದ್ರ ಟೀ ಕುಡಿದು ಹೋದ. ತಾವು ನೋಯುವುದೂ ಅಲ್ಲದೆ ನನ್ನನ್ನೂ ಸಾಯಿಸುತ್ತಾರೆ. ಆರು ವಾರ.

ಜೂನ್ 20, ಶುಕ್ರವಾರ, ಆಸ್ಪತ್ರೆಯ ಬೆಂಚಿನಲ್ಲಿ

ಅವರ ಹಟಕ್ಕೆ ನನ್ನ ಉಪಾಯ. ಪಟ್ಟಿ ಭಾರ ಕೇಳುತ್ತದೆ ತಾನೇ? ಕೊಟ್ಟೆ. ಹಿಂದಿನ ತುದಿಯ ಹಲಗೆಗೆ ಒತ್ತಿ ಆರು ಚೀಲ ಮರಳು ಹೇರಿಸಿದೆ. ಘಾಟಿಯ ಕಡೆಯ ಖಾಲಿ ಟೆಂಪೋಗಳವರು ಹೀಗೇ ಮಾಡುತ್ತಾರೆ, ಕಲ್ಲುದಾರಿ ಎದುರಾದರೆ ಎರಡು ಮೂಟೆ ಹಾಕಿಕೊಳ್ಳುತ್ತಾರೆ. ಇಳಿಯುವಾಗ ಜೀಪು ತೊಟ್ಟಿಲಿನ ಹಾಗೆ ಬಂತು. ಅತ್ತೆ ಕೊನೆಯ ತಿರುವಿನಲ್ಲಿ ತೂಕಡಿಸಿದರು! ಮುತ್ತಮ್ಮನ ಅಂಗಡಿಯ ಹತ್ತಿರ ಎಬ್ಬಿಸಿದಾಗ "ಬಂದ್ಬಿಟ್ವಾ?" ಅಂದರು. ಒಂಬತ್ತು ವರ್ಷದ ಚೆಕಿಂಗ್ ಬುದ್ಧಿ ಸುಮ್ಮನೆ ಹೋಗುವುದಿಲ್ಲ.

ಜೂನ್ 21, ಶನಿವಾರ

ಮಾಡಿದ್ದುಣ್ಣೋ ಮಹರಾಯ.

ನಿನ್ನೆ ಹತ್ತುವಾಗ ಹುಣಸೆ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಜೀಪು ತಿರುಗಲಿಲ್ಲ. ಭಾರವೆಲ್ಲ ಹಿಂದಕ್ಕೆ ಹೋಗಿ, ಏರಿನಲ್ಲಿ ಮೂತಿ ಹಗುರಾಗಿ, ಮುಂದಿನ ಚಕ್ರಗಳು ಗರಸಿನ ಮೇಲೆ ತೇಲಿದಂತಾಗಿ ನೆಟ್ಟಗೆ ಇಳಿಜಾರಿನ ಕಡೆಗೇ ಹೋದವು. ಬ್ರೇಕ್ ಒತ್ತಿದೆ. ಹುಣಸೆಮರಕ್ಕೆ ಒಂದು ಮೊಳ ಇತ್ತು. ಕಾಲು ಬ್ರೇಕಿನಿಂದ ಜಾರಿತು. ಆರು ಚೀಲ ಮರಳು ಜೀಪನ್ನು ಹಿಂದಕ್ಕೆ ಎಳೆಯಿತು. ಕನ್ನಡಿಯಲ್ಲಿ ಅತ್ತೆ ಕಂಡರು. ಪಕ್ಕಕ್ಕೆ ಸರಿಯಲಿಲ್ಲ. ಬಗ್ಗಿ, ಎರಡೂ ಕೈಯಿಂದ ಅಡ್ಡಮರವನ್ನು ಚಕ್ರದ ಕೆಳಗೆ ತಳ್ಳಿದರು. ಜೀಪು ಅದರ ಮೇಲೆ ಒಂದಿಷ್ಟು ಹತ್ತಿ ನಿಂತಿತು.

ಎರಡೂ ಕೈ. ಎಡಗೈಯಲ್ಲೇ ಅವರಿಗೆ ಆಪರೇಷನ್ ಮಾಡಿ ನರ ಕೂಡಿಸಿರುವುದು, ಡಯಾಲಿಸಿಸ್ ಸೂಜಿ ಚುಚ್ಚುವುದು ಅಲ್ಲೇ. ಆ ಕೈಯಲ್ಲಿ ಒಂದು ಚೊಂಬೂ ಎತ್ತಬಾರದು. ಇವತ್ತು ಬೆಳಗ್ಗೆ ನೋಡಿದರೆ ತೋಳು ಊದಿತ್ತು. ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸಮ್ಮ ಹೇಳಿದರು: "ನರದ ಮೇಲೆ ಬೆರಳಿಟ್ಟು ನೋಡಿ. ಗುಂಯ್ ಅಂತಿರಬೇಕು. ನಿಂತಿದ್ರೆ ಈಗ್ಲೇ ಕರ್ಕೊಂಡ್ಬನ್ನಿ."

ಬೆರಳಿಟ್ಟೆ. ಏನೂ ಗೊತ್ತಾಗಲಿಲ್ಲ. ಇನ್ನೊಂದು ಕಡೆ ಇಟ್ಟೆ. ಇಲ್ಲ. ನನಗೆ ಅಳು ಬಂದುಬಿಟ್ಟಿತು. ಅತ್ತೆ ನನ್ನ ಕೈ ಹಿಡಿದು ಎರಡು ಬೆರಳಷ್ಟು ಮೇಲಕ್ಕೆ ಇಟ್ಟರು.

"ಅಲ್ಲಲ್ಲ ಕಣಮ್ಮಿ. ಇಲ್ಲಿ ನೋಡು."

ಇತ್ತು. ಚರ್ಮದ ಕೆಳಗೆ ಗುಂಯ್ ಅಂತ ಒಂದು ನಡುಕ, ಜೀಪು ನಿಂತಲ್ಲೇ ಸ್ಟಾರ್ಟ್ ಆಗಿದ್ದ ಹಾಗೆ. ಹದಿನೆಂಟು ವರ್ಷದಲ್ಲಿ ಅವರ ಕೈಯನ್ನು ನಾನು ಅಷ್ಟು ಹೊತ್ತು ಹಿಡಿದದ್ದು ಇದೇ ಮೊದಲು.

"ಇನ್ನೂ ಓಡ್ತಾ ಇದೆ ಬಿಡು" ಅಂದರು. "ನಿಂತ್ರೆ ತಳ್ಳೋಕೆ ನೀನಿದೀಯಲ್ಲ."

ಆಮೇಲೆ ಗೋಡೆ ಕಡೆ ತಿರುಗಿ ಮಲಗಿ ಹೇಳಿದರು: "ನಾಳೆ ಮುನೀಂದ್ರನ್ನ ಕರ್ಸು. ಪಟ್ಟಿ ತೆಗೀಲಿ."

ಜೂನ್ 22, ಭಾನುವಾರ

ಪಟ್ಟಿ ತೆಗೆಸಿದೆವು. ಅತ್ತೆ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತು ನೋಡಿದರು. ತುಕ್ಕು ಹಿಡಿದ ನಟ್ಟು ಬಿಚ್ಚುವಾಗ ಮುನೀಂದ್ರ ಅಂಜುತ್ತಾ ಅವರ ಮುಖ ನೋಡಿದ.

"ಬಿಚ್ಚಪ್ಪ, ಪರ್ವಾಗಿಲ್ಲ. ಕಂಬಕ್ಕೆ ಅಂತ ಹಾಕಿದ್ದು ಅವು. ನಾನೀಗ ಮೂವತ್ತೊಂಬತ್ತು ಕೆಜಿ ಇದೀನಂತೆ. ನಾನೇನು ಕಂಬಾನಾ?"

ನಾವೆಲ್ಲ ನಕ್ಕೆವು. ಅವರೂ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಲ್ಕು ಪಟ್ಟಿಯಲ್ಲಿ ಒಂದನ್ನು ತೊಳೆಸಿ ತಮ್ಮ ಮಂಚದ ಕೆಳಗೆ ಇಡಿಸಿಕೊಂಡಿದ್ದಾರೆ. ಮುನೀಂದ್ರ ಟೈರಿನ ಗಾಳಿಯನ್ನೂ ಹದಿನೆಂಟಕ್ಕೆ ಇಳಿಸಿದ. ಈ ಜೀಪು ಟಾರು ರಸ್ತೆ ಹತ್ತುವುದಿಲ್ಲವಲ್ಲ, ಕಲ್ಲಿನ ಮೇಲೆ ಟೈರು ಸ್ವಲ್ಪ ಚಪ್ಪಟೆಯಾಗಿ ಕೂತರೆ ಹಿಡಿತ ಜಾಸ್ತಿ, ಎತ್ತಿಹಾಕುವುದು ಕಮ್ಮಿ. ಮರಳು ಹಿತ್ತಲಿಗೆ ಸುರಿದಾಯಿತು.

ಜೂನ್ 24, ಮಂಗಳವಾರ

ಹಳ್ಳದಲ್ಲಿ ಚಕ್ರ ಇಳಿಯಿತು! ಪಟ್ಟಿ ಬಗ್ಗಿ, ಚಕ್ರ ತಡಕಾಡಿಕೊಂಡು ಹೋಗಿ ನೆಲ ಮುಟ್ಟಿತು, ಹಿಡಿಯಿತು, ಎದ್ದು ಬಂತು. ಆದರೂ ಹಿಂದೆ ಮುಂದೆ ಮಾಡುವುದು ತಪ್ಪಲಿಲ್ಲ. ಅತ್ತೆ ಇಳಿಯುವುದೂ ತಪ್ಪಲಿಲ್ಲ.

ಹಿಂದಿನಿಂದ ಈಗ ಕೂಗುತ್ತಾರೆ: "ಮೂತಿ ಹುಣಸೆಮರಕ್ಕೆ ತೋರ್ಸು... ಇನ್ನೂ... ಹೆದರ್ಬೇಡ, ಇನ್ನೂ ಜಾಗ ಇದೆ... ಈಗ ಮುರಿ!"

ಮೇಲೆ ಬಂದ ಮೇಲೆ ಹೇಳಿದರು: "ನೀನು ಮುಂದಿನ ಚಕ್ರ ನೋಡ್ಕೊಂಡು ತಿರುಗ್ಸ್ತೀಯ. ತಿರುವು ಇರೋದು ಹಿಂದಿನ ಚಕ್ರದಲ್ಲಿ. ಅದು ಒಳಗೊಳಗೇ ಕುಯ್ಕೊಂಡು ಬರುತ್ತೆ. ಅದಕ್ಕೆ ಜಾಗ ಬಿಟ್ಟು ಆಮೇಲೆ ಸ್ಟೇರಿಂಗ್ ಮುರೀಬೇಕು."

ಸ್ಟೇರಿಂಗ್ ಒಂದು ದಿನವೂ ಮುಟ್ಟದವರು. ಮೂವತ್ತನಾಲ್ಕು ವರ್ಷ ಹಿಂದಿನ ಚಕ್ರವನ್ನೇ ನೋಡಿಕೊಂಡು ನಡೆದವರಿಗೆ ಗೊತ್ತಿರುವುದು ಮುನೀಂದ್ರನಿಗೂ ಗೊತ್ತಿಲ್ಲ.

ಜೂನ್ 27, ಶುಕ್ರವಾರ

ಆಷಾಢ ಬಂತು. ಹೊಸ ಸೊಸೆ ಈ ತಿಂಗಳು ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದು ಅಂತ ತವರಿಗೆ ಕಳಿಸುತ್ತಾರೆ. ಮುತ್ತಮ್ಮ ಅಂಗಡಿಯಿಂದಲೇ ಕೂಗಿದಳು: "ಏನ್ ಮುನಿಗಂಗಕ್ಕ, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಗಾಡೀಲಿ?"

"ಇದಕ್ಕೆ ಹೊಸಿಲಿಲ್ಲ ಬಿಡೇ" ಅಂದರು ಅತ್ತೆ. "ಬಾಗಿಲೂ ಇಲ್ಲ."

ಜುಲೈ 4, ಶುಕ್ರವಾರ, ಆಸ್ಪತ್ರೆಯಲ್ಲಿ

ಒಳಗೆ ಮೆಷಿನ್ ಓಡುತ್ತಿದೆ. ಇನ್ನೂ ಎರಡು ಗಂಟೆ ಇದೆ. ಇವತ್ತು ಬಿ.ಪಿ. ಚೆನ್ನಾಗಿದೆಯಂತೆ. ಬೆಳಗ್ಗೆ ಅರ್ಧ ಇಡ್ಲಿ ಜಾಸ್ತಿ ತಿಂದರು. ಕುಡಿಯುವ ನೀರು ದಿನಕ್ಕೆ ಇಷ್ಟೇ ಅಂತ ಇದೆಯಲ್ಲ, ಅದರಲ್ಲೂ ಒಂದು ಗುಟುಕು ಉಳಿಸಿ ಹೊಸಿಲ ಬಳಿಯ ಕರಿಬೇವಿನ ಗಿಡಕ್ಕೆ ಹಾಕುತ್ತಾರೆ. ಬೈದೆ. "ಅದಕ್ಕೂ ಬಾಯಾರುತ್ತೆ" ಅಂದರು. ಇನ್ನು ಮೇಲೆ ಗಿಡಕ್ಕೆ ನಾನೇ ಬೆಳಗ್ಗೆ ಎದ್ದ ಕೂಡಲೇ ನೀರು ಹಾಕುವುದು ಅಂತ ಮಾಡಿದ್ದೇನೆ.

ಅವರಿಗೆ ಉಪ್ಪಿಲ್ಲದ ಸಾರು ಬೇರೆ, ನಮಗೆ ಬೇರೆ, ದಿನಾ ಎರಡು ಪಾತ್ರೆ ತೊಳೆಯುವುದು ರಗಳೆ. ನಾನೂ ಅದನ್ನೇ ಉಣ್ಣುತ್ತಿದ್ದೇನೆ. ಅಮರ್ ತಮಗೆ ಬೇಕಾದರೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾರೆ. ಒಂದು ವಾರ ನಾಲಗೆ ಮುಷ್ಕರ ಹೂಡಿತ್ತು, ಈಗ ಸುಮ್ಮನಾಗಿದೆ.

ಜುಲೈ 11, ಶುಕ್ರವಾರ

ಇವತ್ತು ಬರುವಾಗ ಹನಿ ಬಿತ್ತು. ಹುಣಸೆಮರದ ಕೆಳಗೆ ಜೀಪನ್ನು ಗೇರಿನಲ್ಲಿ ನಿಲ್ಲಿಸಿ, ನಾನೇ ಇಳಿದು ಚಕ್ರಕ್ಕೆ ಒಂದು ಕಲ್ಲು ಕೊಟ್ಟು ಬಂದು, ಇಬ್ಬರೂ ಒಳಗೇ ಕೂತಿದ್ದೆವು. ನಾನು ಕೇಳಿದೆ: "ಅತ್ತೆ, ಇಲ್ಲಿ ಕಲ್ಲುಗಳಿಗೇನು ಬರವಾ? ಮಾವ ತಾವೇ ಇಳಿದು ಒಂದು ಕಲ್ಲು ಕೊಡ್ಬಹುದಿತ್ತಲ್ಲ. ಯಾಕೆ ಪ್ರತಿ ಸಲ ನಿಮ್ಮನ್ನ ಇಳಿಸ್ತಿದ್ರು?"

ಅತ್ತೆ ಅಡ್ಡಮರವನ್ನು ಮಡಿಲಲ್ಲಿ ತಿರುಗಿಸುತ್ತಾ ಹೇಳಿದರು.

"ಮದ್ವೆಯಾದ ಹೊಸದ್ರಲ್ಲಿ ಒಂದಪ ಜೀಪು ಇಲ್ಲೇ ಹಿಂದಕ್ಕೆ ಜಾರ್ತು. ಈ ಮರ ತಡೀತು, ಇಲ್ದಿದ್ರೆ ಇಬ್ರೂ ಇರ್ತಿರ್ಲಿಲ್ಲ. ಮಾರನೇ ದಿನ ಈ ಬೇರು ಕಡ್ಕೊಂಡ್ಬಂದು ಕೊಟ್ರು, ಇಳಿದು ಅಡ್ಡ ಕೊಡು ಅಂತ. ನಾನೂ ಅಡ್ಡ ಕೊಡೋಕೇ ಅಂದ್ಕೊಂಡಿದ್ದೆ. ಪ್ರಮೋದಾ ಹುಟ್ಟಿದ ಮೇಲೆ ಗೊತ್ತಾಯ್ತು. ಮಗೂನ ಎತ್ಕೊಂಡಿದ್ರೂ ಇಳಿಸೋರು. ಅಡ್ಡ ಬೇಡ, ಸುಮ್ನೆ ಇಳಿದು ನಡೆ ಅನ್ನೋರು. ಬಿದ್ರೆ ಅವ್ರೊಬ್ರೇ ಬೀಳ್ಲಿ, ಅಷ್ಟೇ. ನೀನು ಒಳಗಿದ್ರೆ ನಂಗೆ ಕೈ ನಡುಗುತ್ತೆ ಅಂತ ಬಾಯಿಬಿಟ್ಟು ಒಂದೇ ಸಲ ಅಂದಿದ್ದು."

ಹನಿ ನಿಂತಿತು. ಅವರು ಇಳಿಯಲು ಕಾಲು ಹೊರಗೆ ಇಟ್ಟರು. ನನಗೆ ಕೇಳಬೇಕೆನ್ನಿಸಿತು, ಕೇಳಿಯೂಬಿಟ್ಟೆ: "ಈಗ್ಯಾಕೆ ಇಳೀತೀರಿ ಅತ್ತೆ? ನಾನು ಓಡಿಸೋದಕ್ಕೆ ಭಯಾನಾ?"

"ನನಗೆಂಥ ಭಯ, ಅರ್ಧ ಹೋಗಿರೋಳಿಗೆ. ನೀನು ಜಾರಿದ್ರೆ ಹಿಂದೆ ಯಾರಿದಾರೆ?"

ನಾನು ಇಷ್ಟು ದಿನ ಅದನ್ನು ಹಟ ಅಂದುಕೊಂಡಿದ್ದೆ. ಆ ಸ್ಟಿಕರ್ ಕಿತ್ತುಹಾಕಬೇಕು.

ಜುಲೈ 16, ಬುಧವಾರ

ಮುನೀಂದ್ರ ಹ್ಯಾಂಡ್‌ಬ್ರೇಕಿಗೆ ಹೊಸ ಕೇಬಲ್ ಹಾಕಿದ. ಅತ್ತೆ ಮಧ್ಯಾಹ್ನ ಮಲಗಿದಾಗ ನಾನೊಬ್ಬಳೇ ತಿರುವಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದೇನೆ. ಅವರು ಕೂರುವ ಸೀಟಿನ ಮೇಲೆ ಸ್ಟೀಲ್ ಬಿಂದಿಗೆ ತುಂಬಾ ನೀರು ಇಟ್ಟುಕೊಂಡು, ಬೀಳದ ಹಾಗೆ ಹಗ್ಗ ಕಟ್ಟಿ. ಮೊದಲ ದಿನ ಮೇಲೆ ಬರುವಷ್ಟರಲ್ಲಿ ಅರ್ಧ ಬಿಂದಿಗೆ ಚೆಲ್ಲಿತ್ತು, ನನ್ನ ಸೀರೆಯೆಲ್ಲ ಒದ್ದೆ. ಇವತ್ತು ಕಾಲು ಭಾಗ.

ಪ್ರಮೋದಾ ಅತ್ತಿಗೆ ಕರೆದುಕೊಂಡು ಹೋಗುವ ದಿನ ಆರಾಮವಾಗಿ ಇಳಿಸೋಣ ಅಂತ, ಅಷ್ಟೇ.

ಜುಲೈ 21, ಸೋಮವಾರ

ಒಂದೇ ಏಟಿಗೆ!

ಮೂತಿಯನ್ನು ಹುಣಸೆಮರದ ತನಕ ತೆಗೆದುಕೊಂಡು ಹೋದೆ. ಹೆದರಿಕೆ "ಸಾಕು, ತಿರುಗಿಸು" ಅಂದ ಮೇಲೂ ಇನ್ನೊಂದು ಮೊಳ. ಹಿಂದಿನ ಚಕ್ರವನ್ನು ನೆನೆದುಕೊಂಡು, ಮೊದಲ ಗೇರಿನಲ್ಲಿ ಇಂಜಿನ್ನನ್ನು ಅರಚಿಸದೆ ಪೂರ್ತಿ ಮುರಿದೆ. ಹಿಂದಿನ ಚಕ್ರ ಹಳ್ಳದ ಅಂಚನ್ನೇ ಹಿಡಿದುಕೊಂಡು ಬಂತು. ಎಲ್ಲೂ ನಿಲ್ಲಲಿಲ್ಲ. ಬಿಂದಿಗೆಯಿಂದ ಚೆಲ್ಲಿದ್ದು ಒಂದು ಲೋಟವೂ ಇಲ್ಲ. ಬಂಡೆಗೆ ಕೇಳಿಸುವ ಹಾಗೆ ಕೂಗಿದೆ. ಇನ್ನೂ ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಬಂತು.

ಮನೆಗೆ ಬಂದರೆ ಅತ್ತಿಗೆಯ ಫೋನ್. ಇಪ್ಪತ್ತೊಂಬತ್ತಕ್ಕೆ ನಾಗರ ಪಂಚಮಿ. ತಮ್ಮನ ಬೆನ್ನಿಗೆ ಹಾಲೆರೆದು, ಅಂದೇ ಅಮ್ಮನನ್ನು ಕರೆದುಕೊಂಡು ಹೋಗುತ್ತಾರಂತೆ. ಕೆಳಗಿನ ರೂಮು ರೆಡಿಯಾಗಿದೆ, ಕಮೋಡು ಹಾಕಿಸಿದ್ದಾರೆ.

ಒಳ್ಳೆಯದಾಯಿತು.

ಜುಲೈ 25, ಶುಕ್ರವಾರ

ಹೋದೆವು, ಬಂದೆವು. ತಿರುವಿನ ವಿಷಯ ಅತ್ತೆಗೆ ಹೇಳಲಿಲ್ಲ. ಇಳಿದರು, ಅಡ್ಡ ಕೊಟ್ಟರು. ಬೇಕೆಂದೇ ಹಿಂದೆ ಮುಂದೆ ಮಾಡಿದೆ. ಯಾಕೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ.

ಜುಲೈ 27, ಭಾನುವಾರ

ಅವರ ಬಟ್ಟೆ ಜೋಡಿಸಿದೆ. ಏಳು ರವಿಕೆಗೂ ಎಡತೋಳು ಬಿಚ್ಚಿ, ಅಗಲ ಮಾಡಿ, ಹುಕ್ಕು ಇಟ್ಟೆ. ಸೂಜಿ ಚುಚ್ಚುವಾಗ ರವಿಕೆ ಏರಿಸುವುದಕ್ಕೆ ಒದ್ದಾಡುತ್ತಾರೆ. ಹೊಸಕೋಟೆಯ ನರ್ಸುಗಳಿಗೆ ಅವರ ನರ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ಎರಡು ಬೆರಳು ಮೇಲೆ ಅಂತ ಒಂದು ಚೀಟಿಯಲ್ಲಿ ಬರೆದು ಔಷಧಿಯ ಡಬ್ಬಿಗೆ ಹಾಕಿದೆ. ಕರಿಬೇವಿನ ವಿಷಯವನ್ನೂ ಬರೆಯಲು ಹೋಗಿ ಬಿಟ್ಟೆ. ಅಲ್ಲಿ ಕರಿಬೇವು ಎಲ್ಲಿದೆ.

ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದರು. "ಪಟ್ಟಿ ಒಂದು ಹಾಕ್ತೀಯಾ ಬ್ಯಾಗಿಗೆ?" ಅಂದರು. ಹಾಕಿದೆ. ಬ್ಯಾಗು ಎತ್ತಲಾಗುತ್ತಿಲ್ಲ. ನನಗೂ ಇವತ್ತು ಯಾಕೋ ಮೈ ಸರಿಯಿಲ್ಲ, ಊಟ ಸೇರಲಿಲ್ಲ.

ಜುಲೈ 29, ಮಂಗಳವಾರ

ಬೆಳಗ್ಗೆ ಅತ್ತಿಗೆ ಕೆಳಗೆ ಕಾರು ನಿಲ್ಲಿಸಿ ನಡೆದುಕೊಂಡೇ ಬಂದರು. ಹುತ್ತಕ್ಕೆ ತನಿ ಎರೆದು, ಅಮರ್ ಬೆನ್ನಿಗೆ ಹಾಲು ಹಾಕಿ ಒರೆಸಿದರು. ಅಮರ್ ಅರ್ಧ ದಿನ ಪರ್ಮಿಷನ್ ಹಾಕಿದ್ದರು. ತಾಯಿಯ ಕಾಲು ಮುಟ್ಟಿ ಹೊರಗೆ ಹೋದವರು ಬೈಕ್ ಸ್ಟಾರ್ಟ್ ಮಾಡಿಕೊಂಡು ಹೊರಟೇಬಿಟ್ಟರು. ಅತ್ತಿಗೆ ಬ್ಯಾಗು ಎತ್ತಿ "ಏನಮ್ಮಾ ಇದ್ರಲ್ಲಿ, ಕಲ್ಲಾ?" ಅಂದರು. ಇವತ್ತಿನ ಡಯಾಲಿಸಿಸ್ ದೊಡ್ಡಬಳ್ಳಾಪುರದಲ್ಲೇ ಮುಗಿಸಿ, ಅಲ್ಲಿಂದ ಹಾಗೇ ಹೊಸಕೋಟೆಗೆ ಅಂತ ಲೆಕ್ಕ.

ಅತ್ತಿಗೆ ಹಿಂದಿನ ಸೀಟಿನಲ್ಲಿ, ಅತ್ತೆ ನನ್ನ ಪಕ್ಕ. ಹುಣಸೆ ತಿರುವು ಬಂತು. ಅತ್ತೆ ಕಾಲ ಬುಡದಲ್ಲಿದ್ದ ಅಡ್ಡಮರ ತೆಗೆದುಕೊಂಡು "ನಿಲ್ಸಮ್ಮಿ" ಅಂದರು.

"ಕೂತ್ಕೊಳ್ಳಿ ಅತ್ತೆ."

"ನಾನಿಲ್ಲಿ ಕೂತು ಹೋದೋಳಲ್ಲ."

"ಗೊತ್ತು. ನೀವು ಒಳಗಿದ್ರೆ ಮಾವನಿಗೆ ಕೈ ನಡುಗ್ತಿತ್ತು. ನನಗೆ ನೀವು ಪಕ್ಕದಲ್ಲಿ ಇಲ್ದಿದ್ರೇನೇ ನಡುಗೋದು."

ಇಷ್ಟನ್ನು ಹೇಳಬೇಕು ಅಂತ ಯೋಚಿಸಿರಲಿಲ್ಲ, ಬಂದುಬಿಟ್ಟಿತು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಅಡ್ಡಮರವನ್ನು ಮಡಿಲಲ್ಲಿ ಇಟ್ಟುಕೊಂಡು, ಬಲಗೈಯಿಂದ ಮುಂದಿನ ಕಂಬಿ ಹಿಡಿದುಕೊಂಡರು. ನಾನು ಮೂತಿಯನ್ನು ಹೊರಕ್ಕೆ ಕೊಟ್ಟು, ತಾಳಿ, ಮುರಿದೆ. ಅತ್ತಿಗೆ ಹಿಂದೆ "ಅಯ್ಯೋ ಸ್ವಾಮಿ" ಅಂದದ್ದು ಕೇಳಿಸಿತು. ಅಷ್ಟರಲ್ಲಿ ತಿರುವು ಮುಗಿದಿತ್ತು.

ಅತ್ತೆ ತಿರುಗಿ ಆ ಹುಣಸೆಮರವನ್ನು ನೋಡಿದರು. "ಒಳಗಿಂದ ಹಿಂಗೆ ಕಾಣುತ್ತಾ ಇದು?" ಅಂದರು. "ಎಷ್ಟು ಚಿಕ್ಕದು!"

ಮುತ್ತಮ್ಮನ ಅಂಗಡಿಯ ಹತ್ತಿರ ಅತ್ತಿಗೆ ಬ್ಯಾಗನ್ನು ಕಾರಿಗೆ ಹಾಕಿದರು. ನಾನೂ ಆಸ್ಪತ್ರೆ ತನಕ ಹೋದೆ. ನಾಲ್ಕು ಗಂಟೆ ಅತ್ತಿಗೆ ರೂಮಿನ ವಿಷಯ ಹೇಳಿದರು, ಟೈಲ್ಸು, ಫ್ಯಾನು, ಕಿಟಕಿಗೆ ಸೊಳ್ಳೆಯ ಜಾಲರಿ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿಸಿದ್ದಾರೆ. ನಾನು ಹೂಂ ಹೂಂ ಅಂದೆ. ಹೋಗಬೇಡಿ ಅನ್ನಬೇಕೆನ್ನಿಸಿತು. ಮಗಳ ಎದುರು ತಾಯಿಗೆ ಹಾಗೆ ಹೇಳಲು ಸೊಸೆಗೆ ಏನು ಹಕ್ಕು.

ಮೆಷಿನ್ನಿನಿಂದ ಹೊರಗೆ ಬಂದ ಅತ್ತೆ ಕಾರಿನ ಬಾಗಿಲು ಹಿಡಿದು ನಿಂತರು. "ಪ್ರಮೋದಾ, ಬೆಟ್ಟದ ಕಡೆ ತಿರುಗ್ಸು."

"ಯಾಕಮ್ಮಾ? ಬ್ಯಾಗು ಇಲ್ಲೇ ಇದೆಯಲ್ಲ!"

"ಇಳಿಯೋದು ನೋಡ್ದೆ. ಹತ್ತೋದು ನೋಡ್ಲಿಲ್ಲ ಇನ್ನೂ."

"ಅಮ್ಮಾ, ನಾನು ರೂಮು ಮಾಡ್ಸಿದೀನಿ..." ಅತ್ತಿಗೆಗೆ ಅಳು ಬಂತು. ಅತ್ತೆ ಮಗಳ ಕೆನ್ನೆ ಸವರಿದರು. "ಕಾರ್ತೀಕದಲ್ಲಿ ಬಂದು ಹದಿನೈದು ದಿನ ಇರ್ತೀನಿ ಕಣೇ. ನಿನ್ನ ಕಮೋಡು ಎಲ್ಲಿಗೂ ಓಡಿಹೋಗಲ್ಲ." ಅತ್ತಿಗೆಗೆ ಅಳುತ್ತಲೇ ನಗು ಬಂತು. ಕಾರನ್ನು ಬೆಟ್ಟದ ಕಡೆ ತಿರುಗಿಸಿದರು, ಮುತ್ತಮ್ಮನ ಅಂಗಡಿಯ ಹತ್ತಿರ ಬ್ಯಾಗನ್ನು ತಾವೇ ಎತ್ತಿ ಜೀಪಿಗೆ ಹಾಕಿದರು.

ಹತ್ತಿದೆವು, ನಾವಿಬ್ಬರೇ. ತಿರುವಿನಲ್ಲಿ ಹಳ್ಳದ ಅಂಚು, ಚಕ್ರ ಇಳಿಯಿತು, ಹಿಡಿಯಿತು, ಎದ್ದಿತು. ಎಲ್ಲೂ ನಿಲ್ಲಲಿಲ್ಲ. ಮೇಲಿನ ಸಮತಟ್ಟಿಗೆ ಬಂದ ಕೂಡಲೇ ಅತ್ತೆ "ನಿಲ್ಸು" ಅಂದರು. ವಾಂತಿಯೇನೋ ಅಂತ ಗಾಬರಿಯಿಂದ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಅವರು ಮಡಿಲಿನ ಅಡ್ಡಮರವನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಒಲೆಗೆ ಹಾಕ್ಬಿಡು."

ಜುಲೈ 30, ಬುಧವಾರ

ಹಾಕಿದೆ, ಹಂಡೆಯ ಒಲೆಗೆ. ಅಷ್ಟು ವರ್ಷ ಮಣ್ಣು, ಎಣ್ಣೆ ಕುಡಿದ ಬೇರು ಬೇಗ ಹತ್ತಿಕೊಳ್ಳಲಿಲ್ಲ. ಹತ್ತಿಕೊಂಡ ಮೇಲೆ ಆರಲೂ ಇಲ್ಲ. ನೀರು ಕುದಿಯುವ ಹಾಗೆ ಕಾಯಿತು.

ನಮ್ಮತ್ತೆಗೆ ತಲೆಯ ಮೇಲೆ ನೀರು ಹಾಕಿದೆ. ಎಡಗೈಗೆ ಪ್ಲಾಸ್ಟಿಕ್ ಕವರ್ ಸುತ್ತಿ ಪಕ್ಕದ ಗೋಡೆಯ ಮೇಲೆ ಇರಿಸಿದ್ದೆ. ಬೆನ್ನು ಉಜ್ಜುವಾಗ "ಮೆಲ್ಲಗೆ ಕಣಮ್ಮಿ, ನಾನೇನು ಜೀಪಾ" ಅಂದರು. ಮೈ ಒರೆಸಿದ ಮೇಲೆ ಬೆರಳಿಟ್ಟು ನೋಡಿದೆ. ಗುಂಯ್ ಅನ್ನುತ್ತಿದೆ.

ನಾಡಿದ್ದು ಶುಕ್ರವಾರ. ಏಳೂವರೆಗೆ ಹೊರಡಬೇಕು. ನಾಳೆ ಟೈರಿನ ಗಾಳಿ ನೋಡಬೇಕು.